ಹೊಟ್ಟೆನೋವು ಎಂದು ಬರೆದವರು

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಕಚೇರಿಯಲ್ಲಿ ಕಾಲಂ ತುಂಬುತ್ತ ಕೂತಿದ್ದೆ. ವಯಸ್ಸು, ಹೆಣ್ಣೋ ಗಂಡೋ, ಓದು, ಮದುವೆ, ಉದ್ಯೋಗ, ಕಾರಣ. ವರ್ಷಗಳಿಂದ ನನ್ನ ಕೆಲಸ ಇದೇ. ತಾವಾಗಿಯೇ ಜೀವ ಕಳೆದುಕೊಂಡವರ ವಿವರ ಸುತ್ತಲಿನ ಠಾಣೆಗಳಿಂದ ಹೊಸಪೇಟೆಯ ನಮ್ಮ ಕಚೇರಿಗೆ ಬರುತ್ತದೆ. ನಾನು ಅದನ್ನು ಕಂಪ್ಯೂಟರಿಗೆ ಏರಿಸುತ್ತೇನೆ. ಅಲ್ಲಿಂದ ಅದು ಬೆಂಗಳೂರಿಗೆ ಹೋಗಿ ಇಡೀ ರಾಜ್ಯದ ಕೋಷ್ಟಕದಲ್ಲಿ ಸೇರಿಕೊಳ್ಳುತ್ತದೆ. ಯಾರಾದರೂ ಏನು ಕೆಲಸ ಅಂತ ಕೇಳಿದರೆ 'ಡಾಟಾ ಎಂಟ್ರಿ' ಅಂದು ಸುಮ್ಮನಾಗುತ್ತೇನೆ. ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಅದಕ್ಕಿಂತ ಹೆಚ್ಚು ಹೇಳಬಾರದು.

ಫೋನು ಮಾಡಿದವಳು ನಮ್ಮ ವಿಭಾಗದಲ್ಲೇ ಮೊದಲು ಇದ್ದ ಹುಡುಗಿ. "ರೈಟರ್ ಸಾಹೇಬ್ರು ಹೋದ್ರಂತ ಅಕ್ಕಾ. ಮುಂಜಾನಿ ಚಾ ಕುಡಕೊಂತ ಕುಂತಿದ್ರಂತ. ಎದಿನೋವು."

"ಎದಿನೋವು ಅಂತ ಯಾರು ಹೇಳಿದ್ದು?" ಅಂದುಬಿಟ್ಟೆ.

"ಡಾಕ್ಟರು ಹೇಳ್ಯಾರಕ್ಕಾ. ಯಾಕ?" ಅಂದಳು. ಏನೂ ಇಲ್ಲ ಅಂತ ಫೋನಿಟ್ಟೆ. ಸತ್ತ ಸುದ್ದಿ ಕೇಳಿ ಅಯ್ಯೋ ಅನ್ನುವ ಮೊದಲು ಪೊಲೀಸರ ಹಾಗೆ ಪ್ರಶ್ನೆ ಕೇಳಿದ್ದಕ್ಕೆ ನನಗೇ ಅಸಹ್ಯವಾಯಿತು. ಆದರೆ ಆ ಪ್ರಶ್ನೆ ಕಲಿಸಿದವರು ಅವರೇ. ಕಾರಣದ ಕಾಲಂ ಬಂದಾಗಲೆಲ್ಲ 'ಯಾರು ಹೇಳಿದ್ದು?' ಅಂತ ಕೇಳು ಅಂದಿದ್ದರು. ಅದನ್ನು ಅವರು ಕಲಿತದ್ದು ತಡವಾಗಿ, ತಮ್ಮ ಕೈಯಾರೆ ಒಂದು ತಪ್ಪು ಮಾಡಿದ ಮೇಲೆ.

ಠಾಣೆಯಲ್ಲಿ ರೈಟರ್ ಅಂದರೆ ಬರೆಯುವ ಪೇದೆ. ಬೇರೆಯವರ ಕೈಯಲ್ಲಿ ಲಾಠಿ, ಇವನ ಕೈಯಲ್ಲಿ ಪೆನ್ನು. ದೂರು, ಹೇಳಿಕೆ, ಪಂಚನಾಮೆ, ಎಲ್ಲ ಇವನೇ ಬರೆಯಬೇಕು. ಇವರು ಊರೂರು ಠಾಣೆ ತಿರುಗಿ ಅದೇ ಕೆಲಸ ಮಾಡಿದವರು. ಮೊಣಕಾಲು ಹಿಡಿದ ಮೇಲೆ ಸೇವೆಯ ಕಡೆಯ ಎರಡು ವರ್ಷ ನಮ್ಮ ವಿಭಾಗಕ್ಕೆ ಹಾಕಿದರು. ಕುಳ್ಳಗಿನ ಆಳು. ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಅದರ ಹಿಂದೆ ಸಣ್ಣ ಡಬ್ಬಿಯಲ್ಲಿ ಲವಂಗ. ಸಂಡೂರು ಕಡೆ ಬಹಳ ವರ್ಷ ಇದ್ದುದರಿಂದ ಅದಿರಿನ ಕೆಂಪು ಧೂಳು ಅವರ ಬಿಳಿ ಅಂಗಿಯ ಕಾಲರಿನಲ್ಲಿ ಖಾಯಂ ಆಗಿ ಉಳಿದಿತ್ತು. "ನಮ್ಮಾಕಿ ಎಷ್ಟು ಒಗದ್ರೂ ಹೋಗವಲ್ದು. ಸಂಡೂರಿನ ಋಣ," ಅನ್ನುತ್ತಿದ್ದರು.

ಬಂದ ಮೊದಲ ದಿನವೇ ನನಗೆ ಹೆಸರಿಟ್ಟರು. ನನ್ನದು ಹುಟ್ಟಾ ಗಾಬರಿ ಸ್ವಭಾವ. ಮನೆ ಬೀಗ ಎರಡು ಸಲ ಎಳೆದು ನೋಡುವವಳು, ಗ್ಯಾಸು ಆರಿಸಿದೆನೋ ಇಲ್ಲವೋ ಅಂತ ಬಸ್ ಸ್ಟಾಪಿನಿಂದ ವಾಪಸು ಹೋಗುವವಳು. ಅದನ್ನು ನೋಡಿ "ಗಾಬರಿ ಗಂಗವ್ವ" ಅಂದರು. ಇಡೀ ಕಚೇರಿ ಅದನ್ನೇ ಹಿಡಿದುಕೊಂಡಿತು. ಸಿಟ್ಟು ಬರುತ್ತಿತ್ತು, ಆದರೆ ಹನ್ನೊಂದು ಗಂಟೆಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಿದಾಗ ದೊಡ್ಡ ಮಿರ್ಚಿಯನ್ನು ನನ್ನ ಕಡೆ ಸರಿಸಿ, "ತಗೋರಿ ಗಂಗವ್ವ, ಬಿಸಿ ಐತಿ, ಅದಕ್ಕೂ ಗಾಬರಿ ಆಗಬ್ಯಾಡ್ರಿ" ಅಂದರೆ ಸಿಟ್ಟು ನಿಲ್ಲುತ್ತಿರಲಿಲ್ಲ.

ಅವರ ಅಕ್ಷರ ಮಾತ್ರ ನೋಡಬೇಕು. ಮದುವೆ ಪತ್ರಿಕೆಗೆ ಬರೆಸಿದಂತೆ ದುಂಡಗೆ. ಊರುಗಳನ್ನು ಅವರು ನೆನಪಿಟ್ಟುಕೊಳ್ಳುತ್ತಿದ್ದ ರೀತಿಯೂ ಬೇರೆ. ಯಾವ ಹಳ್ಳಿಯ ಹೆಸರು ಹೇಳಿದರೂ ಮೊದಲು ಬಸ್ಸಿನ ಹೊತ್ತು ಹೇಳಿ, ಆಮೇಲೆ ಒಂದು ಮನೆಯ ಗುರುತು ಹೇಳುತ್ತಿದ್ದರು. ಹಸಿರು ಬಾಗಿಲು, ಮುರಿದ ಕಟ್ಟೆ, ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿ. ಒಮ್ಮೆ ಹಂಪಿಯ ಮಾತು ಬಂದಾಗ, "ದೇಶಾನ ಬರತೈತಿ ಹಂಪಿ ನೋಡಾಕ. ನಾ ಹೋಗಿದ್ದೆಲ್ಲ ಪಂಚನಾಮಿಗೆ," ಅಂದು ನಕ್ಕರು. ಒಬ್ಬರೂ ಜೊತೆಗೆ ನಗಲಿಲ್ಲ. ಅವರು ಲವಂಗ ಬಾಯಿಗೆ ಹಾಕಿಕೊಂಡರು.

ನನಗೆ ಕೋಷ್ಟಕ ಓದಲು ಕಲಿಸಿದವರೂ ಅವರೇ. ಅಲ್ಲಿಯವರೆಗೆ ಬರೀ ತುಂಬುತ್ತಿದ್ದೆ. ಅವರು ಪಕ್ಕದಲ್ಲಿ ಕೂತು ಬೆರಳಿಟ್ಟು ತೋರಿಸಿದರು. ಯಾವ ಸಾಲು ಉಬ್ಬುತ್ತದೆ ನೋಡು ಅಂದರು. ಇನ್ನೂ ಮೂವತ್ತು ದಾಟದ ಗಂಡುಹುಡುಗರು. ಮದುವೆಯಾಗಿ ನಾಲ್ಕಾರು ವರ್ಷ ಆದ ಹೆಣ್ಣುಮಕ್ಕಳು. ದಿನಗೂಲಿಯವರು. ಗಂಡಸರ ಸಂಖ್ಯೆ ಹೆಚ್ಚು, ಆದರೆ ಹೆಂಗಸರ ವಯಸ್ಸು ಕಡಿಮೆ. ಉದ್ಯೋಗದ ಕಾಲಂನಲ್ಲಿ 'ಗೃಹಿಣಿ' ಅಂತ ಇದ್ದ ಒಂದು ಫಾರಮ್ಮಿನ ಮೇಲೆ ಬೆರಳು ನಿಲ್ಲಿಸಿ, "ಈಕಿ ಕಂಪ್ಲಿ ಕಡಿ ಗದ್ದಿಯೊಳಗ ಮೊಣಕಾಲುಮಟ ಕೆಸರಾಗ ನಿಂತು ನಾಟಿ ಹಚ್ಚಾಕಿ. ನಾವು ಗೃಹಿಣಿ ಮಾಡಿ ಕುಂದ್ರಿಸಿವಿ," ಅಂದರು. ಇನ್ನೊಂದು ಮಾತು ಯಾವಾಗಲೂ ಹೇಳುತ್ತಿದ್ದರು: "ಅಂಕಿಗೆ ಬಾಯಿಲ್ಲವ್ವಾ. ನಾವು ಏನು ತುರುಕಿದ್ರೂ ನುಂಗತೈತಿ."

ಅಂಕಿ ನುಂಗಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಹೊಟ್ಟೆನೋವು. ನಮ್ಮ ಕಡೆಯ ಫಾರಮ್ಮುಗಳಲ್ಲಿ ಹತ್ತರಲ್ಲಿ ಎಷ್ಟೋ ಹೀಗೆಯೇ ಇರುತ್ತಿದ್ದವು: 'ಬಹಳ ದಿನಗಳಿಂದ ಹೊಟ್ಟೆನೋವಿನಿಂದ ಬಳಲುತ್ತಿದ್ದು, ಎಲ್ಲಿ ತೋರಿಸಿದರೂ ಗುಣವಾಗದೆ, ಜೀವನದಲ್ಲಿ ಜಿಗುಪ್ಸೆಗೊಂಡು.' ನಾನು ಅದಕ್ಕೆ 'ಕಾಯಿಲೆ' ಅನ್ನುವ ಕೋಡ್ ಹಾಕುತ್ತಿದ್ದೆ. ಹೀಗೆ ವರ್ಷಗಟ್ಟಲೆ ಹಾಕಿದ್ದರಿಂದ ಒಂದು ದಿನ ಮೇಲಿನಿಂದ ಒಂದು ಸುತ್ತೋಲೆ ಬಂತು. ನಮ್ಮ ಭಾಗದಲ್ಲಿ ಹೊಟ್ಟೆಯ ಕಾಯಿಲೆಯೇ ಮುಖ್ಯ ಕಾರಣವೆಂದು ಕಂಡುಬಂದಿರುವುದರಿಂದ ಹಳ್ಳಿಗಳಲ್ಲಿ ಉದರ ತಪಾಸಣೆ ಶಿಬಿರ ನಡೆಸಬೇಕಂತೆ. ಅದನ್ನು ಅವರಿಗೆ ಓದಿ ಹೇಳಿದೆ. ಮೇಜು ಬಡಿದು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕರ್ಚೀಫಿನಿಂದ ಕನ್ನಡಕ ಒರೆಸಿಕೊಳ್ಳುತ್ತ ಕೂತವರು ಬಹಳ ಹೊತ್ತು ಕನ್ನಡಕ ಹಾಕಿಕೊಳ್ಳಲೇ ಇಲ್ಲ.

"ಸರ್, ಏನಾತ್ರಿ?"

"ಆ ವಾಕ್ಯ ನಂದವ್ವಾ," ಅಂದರು. "'ಎಲ್ಲಿ ತೋರಿಸಿದರೂ ಗುಣವಾಗದೆ' ಅನ್ನೂದು ನಾ ಸೇರಿಸಿದ್ದು. ಛಲೋ ಕೇಳತೈತಿ ಅಂತ ಉಳಿದ ಠಾಣಿಯವ್ರೂ ತಗೊಂಡ್ರು."

ಆಮೇಲೆ ಅವರೇ ವಿವರಿಸಿದರು. ಒಂದು ಮನೆಯಲ್ಲಿ ಇಂಥ ಸಾವು ಆಯಿತು ಅನ್ನಿ. ಪೊಲೀಸರು ಹೋಗುತ್ತಾರೆ. ಹೆಣ ಅಂಗಳದಲ್ಲಿದೆ, ಬಿಸಿಲು ಏರುತ್ತಿದೆ. ನಿಜವಾದ ಕಾರಣ ಬರೆದರೆ ಕೇಸು, ಕೋರ್ಟು, ಊರೆಲ್ಲ ಬಾಯಿ. ಮನೆಯಲ್ಲಿ ಇನ್ನೊಬ್ಬ ಮಗಳಿದ್ದರೆ ಅವಳ ಮದುವೆ ಹಾಳು. ಆಗ ಮನೆಯ ಹಿರಿಯರು ರೈಟರನ್ನು ಪಕ್ಕಕ್ಕೆ ಕರೆಯುತ್ತಾರೆ. ಕೆಲವು ಸಲ ರೈಟರೇ ಅವರನ್ನು ಕರೆಯುತ್ತಾನೆ. ಹೊಟ್ಟೆನೋವು ಅಂದರೆ ಯಾರ ಮೇಲೂ ತಪ್ಪು ಬರುವುದಿಲ್ಲ, ಹೊತ್ತು ಮುಳುಗುವ ಮೊದಲು ಮಣ್ಣಾಗುತ್ತದೆ. "ಒಂದು ಪೈಸೆ ಮುಟ್ಟಿಲ್ಲ ನಾನು. ಪುಣ್ಯದ ಕೆಲಸ ಅಂತ ಮಾಡಿದೆ. ಸತ್ತವ್ರಂತೂ ಸತ್ರು, ಇದ್ದವ್ರು ಬಾಳ್ವಿ ಮಾಡಬೇಕಲ್ಲ," ಅಂದರು. ಅವರು ಹೇಳಿದ್ದು ನಿಜ. ಅವರು ಕೆಟ್ಟವರಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ, ದಿನ ಬೆಳಗಾದರೆ ಆ ಪದ ಟೈಪು ಮಾಡುತ್ತಿದ್ದ ನಾನು, ಅದು ನಮ್ಮ ಮನೆಗೇ ಬಂದು ಚಾಪೆಯ ಮೇಲೆ ಕೂತಾಗ ಗುರುತು ಹಿಡಿಯಲಿಲ್ಲ. ಗ್ಯಾಸಿನ ಗುಬುಟು ಎರಡೆರಡು ಸಲ ತಿರುವಿ ನೋಡುವ ಗಾಬರಿ ಗಂಗವ್ವನಿಗೆ ಆವತ್ತು ಯಾವ ಗಾಬರಿಯೂ ಆಗಲಿಲ್ಲ.

ನನ್ನ ತಂಗಿಗೆ ಚಿಕ್ಕಂದಿನಿಂದ ಎಡಗಾಲು ಸ್ವಲ್ಪ ಎಳೆಯುತ್ತದೆ. ಅದೊಂದಕ್ಕೆ ಬಂದ ಸಂಬಂಧಗಳೆಲ್ಲ ಬಾಗಿಲಿಂದಲೇ ಹೋದವು. ಅವಳಿಗೆ ಇಪ್ಪತ್ತೊಂಬತ್ತು ಆದಾಗ ಕಂಪ್ಲಿ ಕಡೆಯ ಒಂದು ಊರಿನಿಂದ ಸಂಬಂಧ ಬಂತು. ಎರಡನೇ ಮದುವೆ. ಹುಡುಗನದು ಟ್ರ್ಯಾಕ್ಟರ್ ಸಾಮಾನಿನ ಅಂಗಡಿ, ಸ್ವಂತ ಮನೆ, ಮಕ್ಕಳಿಲ್ಲ. ಕಾಲಿನ ವಿಷಯ ಹೇಳಿದರೆ "ಅದೇನು ದೊಡ್ಡದಲ್ಲ ಬಿಡ್ರಿ" ಅಂದರು. ತುಂಗಭದ್ರಾ ಡ್ಯಾಮಿನ ಕಾಲುವೆ ಆಫೀಸಿನಲ್ಲಿ ದುಡಿದು ನಿವೃತ್ತನಾಗಿದ್ದ ನಮ್ಮಪ್ಪ ಆ ಮಾತಿಗೇ ಕರಗಿ ನೀರಾದ. ಜಾತಕವೂ ಕೂಡಿತು. ಮೊದಲನೆಯವಳು ಏನಾದಳು ಅಂತ ಕೇಳಿದ್ದಕ್ಕೆ ಹುಡುಗನ ತಾಯಿ, "ಹೊಟ್ಟಿನೋವ್ರೀ ಪಾಪ. ಎಲ್ಲಿ ತೋರಿಸಿದ್ರೂ ಗುಣ ಆಗ್ಲಿಲ್ಲ," ಅಂದಳು. ನಾವೆಲ್ಲ ಪಾಪ ಅಂದೆವು.

ಮಾರನೆಯ ದಿನ ಪೇಡೆ ಡಬ್ಬಿ ಹಿಡಿದು ಕಚೇರಿಗೆ ಹೋದೆ. ಮೊದಲು ಅವರ ಮೇಜಿಗೇ ಹೋಗಿ ಊರು, ಅಂಗಡಿ, ಎರಡನೇ ಸಂಬಂಧ, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಮೊದಲನೆಯವಳ ಹೊಟ್ಟೆನೋವನ್ನೂ ಹೇಳಿದೆ. ಅವರು ಬಾಯಿಯ ಹತ್ತಿರ ಒಯ್ದ ಪೇಡೆ ಅಲ್ಲೇ ನಿಂತಿತು.

"ಮನಿ ಮುಂದ ನೀರಿನ ತೊಟ್ಟಿ ಐತೇನು?"

"ಐತ್ರಿ."

"ಹುಡುಗನ ತಾಯಿ ಮಾತಾಡಾಕತ್ರ ಕೈಯಾಗಿನ ಬಳಿ ತಿರುವ್ತಾಳೇನು?"

ತಿರುವುತ್ತಿದ್ದಳು. ನನ್ನ ತಂಗಿಯನ್ನು ನೋಡುತ್ತ ಕೂತಷ್ಟು ಹೊತ್ತೂ ಬಳೆಗಳನ್ನು ಒಂದೊಂದಾಗಿ ತಿರುವುತ್ತಿದ್ದಳು. ಹೌದು ಅಂದೆ. ಅವರು ಪೇಡೆಯನ್ನು ಡಬ್ಬಿಯಲ್ಲಿ ವಾಪಸು ಇಟ್ಟರು. ಸಿಹಿ ಅಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯ.

ಆಮೇಲೆ ನಾಲ್ಕು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಬರುವರು, ಫಾರಮ್ಮು ತೆಗೆಯುವರು, ಮುಚ್ಚುವರು. ಒಗ್ಗರಣೆ ತರಿಸಲಿಲ್ಲ. ನಾನು ಕೇಳಿದರೆ ಕಾಲುನೋವು ಅನ್ನುವರು. ಮನೆಯಲ್ಲಿ ಅಪ್ಪ ಶಾಸ್ತ್ರಕ್ಕೆ ದಿನ ನೋಡುತ್ತಿದ್ದ, ತಂಗಿ ಯಾವ ಬಣ್ಣದ ಸೀರೆ ಅಂತ ಕೇಳುತ್ತಿದ್ದಳು, ನನಗೆ ಅನ್ನ ಇಳಿಯುತ್ತಿರಲಿಲ್ಲ. ಆದರೂ ಯಾರಿಗೂ ಏನೂ ಹೇಳಲಿಲ್ಲ. ನೀರಿನ ತೊಟ್ಟಿ, ಬಳೆ ತಿರುವುವ ಕೈ, ಇಷ್ಟನ್ನು ಹಿಡಿದು ಏನಂತ ಹೇಳುವುದು?

ಐದನೆಯ ದಿನ ಅವರೇ ಬಂದು ನಿಂತರು. "ನಾಳೆ ರಜಾ ಹಾಕವ್ವಾ. ಬಂಡ್ರಿಗೆ ಹೋಗಿ ಬರೂಣು." ಆವತ್ತು ಅವರು ನನ್ನನ್ನು ಗಂಗವ್ವ ಅನ್ನಲಿಲ್ಲ.

ಸಂಡೂರಿನಲ್ಲಿ ಬಸ್ಸು ಬದಲಿಸಿದೆವು. ಅದಿರಿನ ಲಾರಿಗಳ ಹಿಂದೆ ನಮ್ಮ ಬಸ್ಸು ತೆವಳುತ್ತಿತ್ತು. ಕಿಟಕಿ ಮುಚ್ಚಿ, ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಅವರು ಹೇಳಿದರು. ಮೊದಲನೆಯವಳು ಸತ್ತಾಗ ಆ ಹುಡುಗನ ಮನೆಗೆ ಪಂಚನಾಮೆಗೆ ಹೋದವರು ಅವರೇ. ಸತ್ತ ಹುಡುಗಿ ಬಂಡ್ರಿಯವಳು. ಅವಳ ತಾಯಿ ಹೆಣದ ಪಕ್ಕದಿಂದ ಎದ್ದು ಬಂದು, "ಇದ್ದದ್ದು ಇದ್ದಂಗ ಬರೀರಿ ಸಾಹೇಬ್ರ" ಅಂದಿದ್ದಳು. ಅವಳನ್ನು ನೀರಿನ ತೊಟ್ಟಿಯ ಹತ್ತಿರ ಕರೆದುಕೊಂಡು ಹೋಗಿ ಅರ್ಧ ಗಂಟೆ ಸಮಾಧಾನ ಮಾಡಿ, ನಿನಗೆ ಇನ್ನೊಬ್ಬ ಮಗಳಿದ್ದಾಳೆ, ಯೋಚನೆ ಮಾಡು ಅಂತ ಹೇಳಿ ಹೆಬ್ಬೆಟ್ಟು ಒತ್ತಿಸಿದವರು ಇವರು.

"ಅಕಿ ಒಪ್ಪಿದ್ದಿಲ್ಲವ್ವಾ. ನಾ ಒಪ್ಪಿಸಿದೆ," ಅಂದರು. "ಆ ಕಾಗದ ಇಲ್ಲದಿದ್ರ ಆ ಮನಿಗೆ ಇನ್ನೊಂದು ಹೆಣ್ಣು ಯಾರು ಕೊಡ್ತಿದ್ರು? ನಿಮ್ಮಪ್ಪ ಕೊಡ್ತಿದ್ನೇನು?"

ಬಂಡ್ರಿಯಲ್ಲಿ ಆ ತಾಯಿ ಮನೆಯ ಮುಂದೆ ಮೆಕ್ಕೆಜೋಳ ಬಿಡಿಸುತ್ತ ಕೂತಿದ್ದಳು. ಇವರನ್ನು ನೋಡಿ ಗುರುತು ಹಿಡಿದು ಎದ್ದಳು. ಬೈಯುತ್ತಾಳೆ ಅಂದುಕೊಂಡೆ. "ಬರ್ರಿ ಸಾಹೇಬ್ರ, ಕುಂದ್ರಿ," ಅಂತ ಗೋಣಿಚೀಲ ಹಾಸಿ, ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದಳು. "ಸಣ್ಣಾಕಿ ಮದುವಿ ಆತ್ರಿ. ನೀವು ಹೇಳಿದಂಗ ಆತು. ಕೂಸೈತಿ ಈಗ," ಅನ್ನುತ್ತ ಮತ್ತೆ ಜೋಳ ಬಿಡಿಸಲು ಕೂತಳು. ಅವರು ಕೂರಲಿಲ್ಲ. ಚೊಂಬು ಕೈಯಲ್ಲಿ ಹಿಡಿದು ಹಾಗೆಯೇ ನಿಂತಿದ್ದರು. ಅವಳು ಎರಡು ಏಟು ಹೊಡೆದಿದ್ದರೆ ಅವರಿಗೆ ಹಗುರಾಗುತ್ತಿತ್ತೇನೋ.

ನಾನೇ ಬಾಯಿ ಬಿಟ್ಟೆ. "ಅವ್ವಾ, ನನ್ನ ತಂಗೀನ ಅದ ಮನಿಗೆ ಕೊಡಾಕತ್ತೀವಿ."

ಅವಳ ಕೈಯಲ್ಲಿದ್ದ ತೆನೆ ಮಡಿಲಿಗೆ ಬಿತ್ತು. ಜೋಳದ ಹೊಟ್ಟು ಮೆತ್ತಿದ್ದ ಕೈಯಿಂದ ನನ್ನ ಮುಂಗೈ ಹಿಡಿದುಕೊಂಡಳು. "ಕೊಡಬ್ಯಾಡವ್ವಾ," ಅಂದಳು. ಮತ್ತೊಮ್ಮೆ ಅಂದಳು. ಅವಳು ಹಿಡಿದ ಜಾಗ ಈಗಲೂ ಒಮ್ಮೊಮ್ಮೆ ಬಿಗಿದಂತೆ ಆಗುತ್ತದೆ.

ಅವರು ಆಗ ಗೋಣಿಚೀಲದ ಮೇಲೆ ಕೂತರು. ಮೊಣಕಾಲು ಮಡಿಸಲು ಬಹಳ ಕಷ್ಟಪಟ್ಟರು. ಜೇಬಿನಿಂದ ಕಾಗದ ತೆಗೆದು ಹಲಗೆಯೊಂದರ ಮೇಲಿಟ್ಟುಕೊಂಡು, "ಅವತ್ತು ನಾ ಹೇಳಿದೆ, ನೀ ಹೆಬ್ಬಟ್ಟು ಒತ್ತಿದಿ. ಇವತ್ತು ನೀ ಹೇಳು, ನಾ ಬರಿತೀನಿ," ಅಂದರು.

ಅವಳು ಹೇಳಿದಳು. ಮದುವೆಯಾಗಿ ಮೂರು ವರ್ಷ ಮಕ್ಕಳಾಗಲಿಲ್ಲ ಅಂತ ಮಗಳ ತಟ್ಟೆಯನ್ನು ಬೇರೆ ಮಾಡಿದ್ದರಂತೆ. ಹಿತ್ತಲಲ್ಲಿ ಕೂತು ಒಬ್ಬಳೇ ಉಣ್ಣಬೇಕು. ಗಂಡನ ಕೈ ಮೇಲೇಳುತ್ತಿತ್ತು. ಫೋನು ಕಸಿದುಕೊಂಡಿದ್ದರು. "ಮೂರು ಸಲ ಬಂದ್ಲ್ರಿ. ಮೂರು ಸಲಾನೂ ನಾನ ಬಸ್ಸು ಹತ್ತಿಸಿ ಕಳಿಸಿದೆ. ಅದನ್ನೂ ಬರೀರಿ," ಅಂದಳು. ಅವರು ಬರೆದರು. ಆ ಕಾಗದದಲ್ಲಿ ಜಿಗುಪ್ಸೆ ಇಲ್ಲ, ಬಳಲುತ್ತಿದ್ದು ಇಲ್ಲ. ಅವಳ ಮಾತು ಅವಳ ಮಾತಿನಂತೆಯೇ ಇದೆ. ಅಕ್ಷರ ಮಾತ್ರ ಯಾರೋ ಬೇರೆಯವರು ಬರೆದಂತೆ ವಕ್ರವಾಗಿದೆ. ಕೊನೆಗೆ ಅವಳ ಹೆಬ್ಬೆಟ್ಟು, ಅದರ ಕೆಳಗೆ 'ಈ ಮೊದಲು ಹೊಟ್ಟೆನೋವು ಎಂದು ಬರೆದವನು ನಾನೇ' ಅಂತ ಅವರ ಸಹಿ.

ಒಂದು ಪ್ರತಿಯನ್ನು ಅವರು ಮೇಲಿನವರಿಗೆ ಕೊಟ್ಟರು. ಮುಗಿದ ಫೈಲು ತೆಗೆಯುವುದಿಲ್ಲ, ನಿವೃತ್ತಿಯ ಹೊಸ್ತಿಲಲ್ಲಿ ಇದೆಲ್ಲ ಯಾಕೆ ಅಂತ ಬುದ್ಧಿ ಹೇಳಿ ಕಳಿಸಿದರು. ಕೋಷ್ಟಕದಲ್ಲಾದರೂ ಆ ಒಂದು ಹುಡುಗಿಯನ್ನು ಕಾಯಿಲೆಯಿಂದ ತೆಗೆದು ಸರಿಯಾದ ಕಡೆ ಹಾಕು ಅಂತ ನನ್ನನ್ನು ಕೇಳಿದರು. ಆ ವರ್ಷದ ಲೆಕ್ಕ ಮುಚ್ಚಿಹೋಗಿತ್ತು, ಕಂಪ್ಯೂಟರು ಒಪ್ಪಲಿಲ್ಲ. ಇನ್ನೊಂದು ಪ್ರತಿಯನ್ನು ನಾನು ಮನೆಗೆ ಒಯ್ದು ಓದಿದೆ. ಅಪ್ಪ ತಲೆ ಮೇಲೆ ಕೈ ಹೊತ್ತು ಕೂತ. ತಂಗಿ ಮೊದಲು, "ಈ ಕಾಲಿಗೆ ಇನ್ನೊಂದು ಸಂಬಂಧ ಎಲ್ಲಿಂದ ತರ್ತೀರಿ?" ಅಂತ ರೇಗಿದಳು. ಆಮೇಲೆ ಕಾಗದ ಕಸಿದುಕೊಂಡು ತಾನೇ ಓದಿ, "ಅಕಿ ಹೆಸರೇನಕ್ಕಾ?" ಅಂದಳು. ಹೇಳಿದೆ. ಆ ಸಂಬಂಧದ ಮಾತು ನಮ್ಮ ಮನೆಯಲ್ಲಿ ಅಲ್ಲಿಗೆ ಮುಗಿಯಿತು.

ಮುಗಿಯಿತು ಅಂತಲೇ ನಾನು ತಿಳಿದಿದ್ದೆ.

ಅವರ ಬೀಳ್ಕೊಡುಗೆಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಹತ್ತಿರ ಹೋಗಿ ಕಾಲಿಗೆ ನಮಸ್ಕಾರ ಮಾಡಿದೆ. "ನಿಮ್ಮಿಂದ ನನ್ನ ತಂಗಿ ಉಳಿದ್ಲು ಸರ್," ಅಂದೆ. ಅವರು ಹಾರ ತೆಗೆಯುತ್ತ, "ಅವ್ರಿಗೆ ಏನಂತ ಹೇಳಿದ್ರಿ?" ಅಂತ ಕೇಳಿದರು.

"ಇನ್ನೊಬ್ಬ ಜೋಯಿಸರು ನೋಡಿದ್ರು, ಜಾತಕ ಕೂಡವಲ್ದು ಅಂತ ಅಪ್ಪ ಫೋನು ಮಾಡಿದ್ರಿ. ಸುಮ್ನ ಯಾಕ ಅವರ ಜೊತಿ ದ್ವೇಷ ಅಂತ."

ಹಾರ ಅರ್ಧ ಕುತ್ತಿಗೆಯಲ್ಲಿ, ಅರ್ಧ ಕೈಯಲ್ಲಿ. "ಅಂದ್ರ ನೀವೂ ಹೊಟ್ಟಿನೋವು ಅಂತ ಬರದ್ರಿ," ಅಂದರು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. "ನಮ್ಮ ಹುಡುಗಿ ಉಳಿದ್ಲಲ್ಲ, ಊರ ಉಸಾಬರಿ ನಮಗ್ಯಾಕ?" ಅಂದ. ನಾನೂ ಸುಮ್ಮನಾದೆ. ಧೈರ್ಯ ಇರಲಿಲ್ಲ ಅಂತ ಈಗ ಹೇಳುವುದು ಸುಲಭ. ನಿಜ ಹೇಳಬೇಕೆಂದರೆ, ನಮ್ಮದು ಮುಗಿಯಿತಲ್ಲ ಅಂತ ನೆಮ್ಮದಿಯೇ ಆಗಿತ್ತು.

ಅದಾದ ಮೇಲೆ ಅವರನ್ನು ನಾನು ನೋಡಿದ್ದೆಲ್ಲ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ, ಅದೂ ಭಾನುವಾರ, ಕಂಪ್ಲಿ ಬಸ್ಸಿನ ಹತ್ತಿರ. ಕೈಯಲ್ಲಿ ಬಟ್ಟೆಯ ಚೀಲ, ಮೊಣಕಾಲಿಗೆ ಪಟ್ಟಿ. ಮೊದಲ ಸಲ, "ಬೀಗರು ಅದಾರ" ಅಂದರು. ಎರಡನೇ ಸಲ ನಾನೇ ಬಿಡದೆ ಕೇಳಿದ್ದಕ್ಕೆ, "ಆ ಮನಿಯವ್ರು ಹೆಣ್ಣು ಹುಡುಕಾಕತ್ತಾರ. ಯಾರಂತ ಗೊತ್ತಾಗವಲ್ದು. ಚಾದಂಗಡಿಯಾಗ ಕುಂತು ಕೇಳತೀನಿ," ಅಂದರು. ಜೋಪಾನ ಸರ್, ಯಾರಾದರೂ ಹೊಡೆದಾರು ಅಂದೆ. "ಗಾಬರಿ ಗಂಗವ್ವ," ಅಂದು ನಕ್ಕು ಬಸ್ಸು ಹತ್ತಿದರು. ನಾನು ಅವರ ಜೊತೆ ಹತ್ತಲಿಲ್ಲ. ಆಮೇಲೆ ಭಾನುವಾರ ಆ ಕಡೆ ಹೋಗುವುದನ್ನೇ ಬಿಟ್ಟೆ. ಹಾಗೆ ಎರಡು ವರ್ಷ ಕಳೆಯಿತು.

ಸಾವಿನ ಮೂರನೆಯ ದಿನ ಡ್ಯಾಮಿನ ಹತ್ತಿರದ ಅವರ ಮನೆಗೆ ಹೋದೆ. ಅವರ ಹೆಂಡತಿ ನನ್ನನ್ನು ಗುರುತಿಸಿ ಪಕ್ಕದಲ್ಲಿ ಕೂರಿಸಿಕೊಂಡರು. ಬಂದವರೆಲ್ಲ ಎದ್ದು ಹೋಗುವವರೆಗೆ ಕಾಯ್ದು, ತಗ್ಗಿದ ದನಿಯಲ್ಲಿ ಕೇಳಿದರು. "ಒಂದು ಮಾತು ಹೇಳವ್ವಾ, ನೀ ಜೊತಿಗೆ ಕೆಲಸ ಮಾಡಿದಾಕಿ. ಕಂಪ್ಲ್ಯಾಗ ಏನಿತ್ತು ಇವ್ರಿಗೆ? ಎರಡು ವರ್ಷ, ಐತವಾರ ಬಂದ್ರ ಬಸ್ಸು. ಕಾಲು ಎಳಕೊಂತ ಹೋಗೂದು. ಈ ವಯಸ್ಸಿನಾಗ ನಾ ಏನೇನ ಅಂದ್ಕೋಬೇಕಿತ್ತು?"

"ಹಳೇ ದೋಸ್ತರು ಇದ್ರೇನೋರಿ ಅಮ್ಮಾ," ಅಂದೆ.

ಎಷ್ಟು ಸಲೀಸಾಗಿ ಬಂತು ಬಾಯಿಗೆ! ಆ ಹೆಂಗಸಿನ ಮುಖ ಸ್ವಲ್ಪ ಸಡಿಲಾಯಿತು ಕೂಡ. ಗೋಡೆಗೆ ಅವರ ಫೋಟೊ ಒರಗಿಸಿ ಹಾರ ಹಾಕಿದ್ದರು. ಅದೇ ಬಿಳಿ ಅಂಗಿ, ಅದೇ ಎರಡು ಪೆನ್ನು.

"ಸುಳ್ಳು ಹೇಳಿದೆ ಅಮ್ಮಾ," ಅಂದೆ. "ನಮ್ಮಪ್ಪ ಹೇಳಬೇಕಾದ ಮಾತು ಹೇಳಲಿಲ್ಲ. ಅದನ್ನ ಹೇಳಾಕ ಹೋಗ್ತಿದ್ರು." ಮೊದಲಿನಿಂದ ಹೇಳಿದೆ, ಹೊಟ್ಟೆನೋವಿನ ವಾಕ್ಯದಿಂದ ಹಿಡಿದು ಬಸ್ ಸ್ಟ್ಯಾಂಡಿನವರೆಗೆ. ಅವರ ತಪ್ಪನ್ನೂ ಮುಚ್ಚಲಿಲ್ಲ. ಆಕೆ ಎಲ್ಲ ಮುಗಿದ ಮೇಲೆ ಎದ್ದು, ಒಳಗೆ ಹೋಗಿ, ಆ ಬಟ್ಟೆಯ ಚೀಲ ತಂದು ನನ್ನ ಮುಂದೆ ಇಟ್ಟರು. ಅದರಲ್ಲಿ ಒಂದು ಚೀಟಿ. ಒಂದು ಊರಿನ ಹೆಸರು, ಬಸ್ಸಿನ ಹೊತ್ತು, 'ನೀಲಿ ಬಾಗಿಲು'.

"ಹೋದ ಐತವಾರ ಈ ಊರಿಗೆ ಹೋಗಿದ್ರು," ಅಂದರು. "ಹುಡುಗಿ ಅಪ್ಪ ಒಳಗ ಬಿಡ್ಲಿಲ್ಲಂತ. ಆಗದವ್ರು ಕಳಿಸ್ಯಾರ ನಿನ್ನ ಅಂತ ಬೈದು ಕಳಿಸಿದ್ನಂತ. ದಿನಾನೂ ಗೊತ್ತು ಮಾಡ್ಯಾರಂತ ಮದುವಿಗೆ. ಬಂದವ್ರು ಉಣ್ಣಲಿಲ್ಲ. 'ನಾ ಹೇಳಿದ್ರ ಯಾರು ನಂಬ್ತಾರ? ಹೆಣ್ಣು ಕೊಡಾಕ ಹೋಗಿ ಬಿಟ್ಟು ಬಂದವ್ರು ಹೇಳಬೇಕು' ಅಂತ ಅದನ್ನ ಅಂದ್ಕೊಂತ ಕುಂತಿದ್ರು. ನನಗೇನು ತಿಳೀಬೇಕವ್ವಾ? ಮೈಯಾಗ ಹುಷಾರಿಲ್ಲ ಅಂತ ಬಿಟ್ಟೆ."

ಮನೆಗೆ ಬಂದು ಚೀಟಿಯನ್ನು ಅಪ್ಪನ ಮುಂದೆ ಇಟ್ಟೆ. ಅಪ್ಪ ಬಿ.ಪಿ. ಅಂದ, ಬಿಸಿಲು ಅಂದ, ಎರಡು ವರ್ಷದ ಹಿಂದಿನ ಮಾತು ಅಂದ. ನನ್ನ ತಂಗಿ ಈಗ ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರು. ಅಲ್ಲೇ ಕೂತು ನೋಟ್‌ಬುಕ್ಕು ತಿದ್ದುತ್ತಿದ್ದವಳು ತಲೆಯೆತ್ತದೆ, "ನೀ ಹೋಗದಿದ್ರ ನಾನ ಹೋಗ್ತೀನಪ್ಪಾ. ಈ ಕಾಲು ಎಳಕೊಂತ," ಅಂದಳು. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅಪ್ಪ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ಬಂಡ್ರಿಯ ಕಾಗದ ಜೇಬಿನಲ್ಲಿತ್ತು.

ಕಂಪ್ಲಿ ಬಸ್ಸು ಹತ್ತಿದೆವು. ಮದುವೆ ಆಗಿಯೇ ಹೋಗಿದ್ದರೆ? ಈತನೂ ಬೈದು ಅಟ್ಟಿದರೆ? ಅಲ್ಲಿಗೆ ಹೋದ ಮೇಲೆ ಅಪ್ಪನೇ ಹಿಂದೆ ಸರಿದರೆ? ಊರಲ್ಲಿ ಇಳಿದು ಕೇಳಿಕೊಂಡು ಹೋದೆವು. ನೀಲಿ ಬಾಗಿಲು ಮುಚ್ಚಿತ್ತು, ಆದರೆ ಮುಂದೆ ಚಪ್ಪರ ಹಾಕಿರಲಿಲ್ಲ. ಮದುವೆ ಇನ್ನೂ ಆದಂತಿರಲಿಲ್ಲ. ಬಾಗಿಲು ತಟ್ಟಿದೆ. ಅಪ್ಪನ ವಯಸ್ಸಿನವನೇ ಒಬ್ಬ ತೆಗೆದ. ಅವನ ಹಿಂದೆ, ನಡುಮನೆಯಲ್ಲಿ, ಹುಡುಗಿಯೊಬ್ಬಳು ಕೈಯಲ್ಲಿ ತಟ್ಟೆ ಹಿಡಿದು ನಿಂತು ನಮ್ಮನ್ನೇ ನೋಡುತ್ತಿದ್ದಳು.

"ಯಾರು ನೀವು? ಏನಾಗಬೇಕಿತ್ತು?"

ನಾನು ಅಪ್ಪನ ಮುಖ ನೋಡಿದೆ. ಜಾತಕದ ಮಾತು ಹುಟ್ಟಿದ ಬಾಯಿ ಅದೇ. ಅಪ್ಪ ಜೇಬಿಗೆ ಕೈ ಹಾಕಿ ಕಾಗದ ಮುಟ್ಟಿಕೊಂಡ.

"ನೀವು ಹೆಣ್ಣು ಕೊಡಾಕತ್ತಿರೋ ಮನಿಗೆ ಎರಡು ವರ್ಷದ ಹಿಂದ ನನ್ನ ಮಗಳನ್ನ ಕೊಡಾಕ ಹೋಗಿದ್ವ್ರಿ," ಅಂದ. "ಜಾತಕ ಕೂಡಲಿಲ್ಲ ಅಂತ ಹೇಳಿ ಬಿಟ್ಟು ಬಂದ್ವಿ. ಅದು ಸುಳ್ಳ್ರಿ. ಜಾತಕ ಛಲೋನ ಕೂಡಿತ್ತು."